ಪುಟ್ಟ ಮಕ್ಕಳಿಗೆ ತೋಟದಲ್ಲಿ ಏನು ತೋರಿಸೋಣ: ಚಿಟ್ಟೆಯೋ, ಜೇನುನೊಣವೋ?

ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಗಮನ ಸೆಳೆಯಲು ಚಿಟ್ಟೆ ಸುಲಭ. ಬಣ್ಣವಿದೆ, ಭಯವಿಲ್ಲ. ಆದರೆ ಬಿಸಿಲು ಏರದಿದ್ದರೆ ಹೆಚ್ಚಾಗಿ ಹಾರುವುದಿಲ್ಲ, ಗಲಾಟೆ ಮಾಡಿದರೆ ಕೂತಲ್ಲಿ ಕೂರುವುದೂ ಇಲ್ಲ. ಅಲ್ಲದೆ ಅದರ ಉದ್ದ ಕಾಲಿಗೆ ಪರಾಗ ಮೆತ್ತುವುದು ಕಡಿಮೆ.

ಪರಾಗಸ್ಪರ್ಶದ ಪಾಠಕ್ಕೆ ನನ್ನ ಮತ ಜೇನುನೊಣಕ್ಕೇ. ಮೈತುಂಬ ಕೂದಲು, ಅದಕ್ಕೆ ಪರಾಗ ಅಂಟುತ್ತದೆ. ಹಿಂಗಾಲಿನ ಪರಾಗದ ಉಂಡೆ ಬರಿಗಣ್ಣಿಗೇ ಕಾಣುತ್ತದೆ. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳಿಗೆ ಹೋಗುತ್ತದೆ. ಹಾಗಾಗಿ ಪರಾಗ ಸರಿಯಾದ ಹೂವಿಗೇ ಸೇರುತ್ತದೆ. ಇದನ್ನು ನೀವು ಹೇಳಬೇಡಿ, ಮಕ್ಕಳೇ ನೋಡಿ ಹೇಳಲಿ.

ಕುಟುಕಿದರೆ? ಹೂವಿನ ಮೇಲಿರುವ ನೊಣ ಸುಮ್ನೆ ಕುಟುಕುವುದಿಲ್ಲ. ಕೈ ಬೀಸಬಾರದು, ಬರಿಗಾಲು ಬೇಡ, ಗೂಡಿನ ಹತ್ತಿರವಂತೂ ಹೋಗಲೇಬಾರದು. ಯಾರಿಗಾದರೂ ಅಲರ್ಜಿ ಇದೆಯಾ ಅಂತ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.