ಹೆರಿಗೆ ಕವರ್ ಕೊಳ್ಳಬೇಕೇ? ದಾವಣಗೆರೆಯ ಲೆಕ್ಕದಲ್ಲಿ ಒಂದು ವಿಮರ್ಶೆ

ಆರೋಗ್ಯ ವಿಮೆಯಲ್ಲಿ ಹೆರಿಗೆ ಖರ್ಚು ಕೊಡುವ ಹೆರಿಗೆ ಕವರ್ ಬಗ್ಗೆ ವಿಚಾರಣೆ ಶುರುವಾಗುವುದೇ ಸೀಮಂತದ ಹೊತ್ತಿಗೆ. ಅಷ್ಟೊತ್ತಿಗೆ ಕಾಲ ಮೀರಿರುತ್ತದೆ. ಇಡೀ ಮನೆಗೆ ಒಂದೇ ಮೊತ್ತದ ಫ್ಯಾಮಿಲಿ ಫ್ಲೋಟರ್ ಪಾಲಿಸಿಗೆ ರೈಡರ್ ಆಗಿ, ಅಂದರೆ ಹೆಚ್ಚುವರಿಯಾಗಿ ಜೋಡಿಸಿ ಮಾರುವ ಮೆಟರ್ನಿಟಿ (ಹೆರಿಗೆ) ಕವರ್‌ಗೆ ಹೆಚ್ಚಿನ ಕಂಪನಿಗಳಲ್ಲಿ 2ರಿಂದ 4 ವರ್ಷ ಕಾಯಬೇಕು. 9 ತಿಂಗಳು ಕಾದರೆ ಸಾಕೆನ್ನುವ ಪಾಲಿಸಿಗಳೂ ಇವೆ, ಪ್ರೀಮಿಯಂ ಮಾತ್ರ ಜಾಸ್ತಿ. ಈಗಾಗಲೇ ಬಸುರಿಯಾಗಿದ್ದರೆ ಈ ಹೆರಿಗೆಗೆ ಬಿಡಿ ಪಾಲಿಸಿ (ಕೆಲಸದ ಕಡೆಯಿಂದಲ್ಲದೆ ನೀವೇ ಕೊಳ್ಳುವಂಥದ್ದು) ಸಿಗುವುದಿಲ್ಲ. ಸಿಗುತ್ತದೆ ಎನ್ನುವ ಏಜೆಂಟರಿಂದ ಆ ಮಾತನ್ನು ಬರವಣಿಗೆಯಲ್ಲಿ ಕೇಳಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬರೀ ಹೆರಿಗೆ ಖರ್ಚಿಗೆಂದು ನೋಡಿದರೆ ಇದು ದುಬಾರಿ ಸರಕು. ರೈಡರ್‌ಗೆಂದು ವರ್ಷಕ್ಕೆ 10,000 ರೂಪಾಯಿ ಹೆಚ್ಚು, ಕಾಯುವುದು 3 ವರ್ಷ, ಸಿಗುವ ಮಿತಿ 50,000 ಎಂದಿಟ್ಟುಕೊಳ್ಳಿ. ನಾಲ್ಕನೇ ವರ್ಷ ಹೆರಿಗೆಯಾದರೆ ಆಗಲೇ 40,000 ಕಟ್ಟಿರುತ್ತೀರಿ. ಅದನ್ನೇ ಆರ್‌ಡಿಯಲ್ಲಿ ಹಾಕಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಬೇರೆ ಬೇರೆ ಮಿತಿ ಇರುವ ಪಾಲಿಸಿಗಳೇ ಹೆಚ್ಚು, ಅದನ್ನೂ ನೋಡಿಕೊಳ್ಳಿ.

ಹಾಗಿದ್ದರೂ ಇದನ್ನು ಬೇಡ ಎನ್ನಲಾಗದು. ಕಾರಣ ಕೂಸು. ಹೆರಿಗೆ ಕವರ್ ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಮಗುವನ್ನು ಸೇರಿಸುವುದು 90 ದಿನ ತುಂಬಿದ ಮೇಲೆ. ಕೂಸಿಗೆ ದೊಡ್ಡ ಖರ್ಚು ಬರುವುದಿದ್ದರೆ ಬಹುಮಟ್ಟಿಗೆ ಆ 90 ದಿನದೊಳಗೇ: ಅವಧಿಗೆ ಮೊದಲೇ ಹುಟ್ಟಿದ್ದು, ತೂಕ ಕಡಿಮೆ, ಉಸಿರಾಟದ ತೊಂದರೆ, ಕಾಮಾಲೆಗೆ ಫೋಟೋಥೆರಪಿ, ಸೋಂಕು. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ವಾರಗಟ್ಟಲೆ ಮಲಗಿದ ಕೂಸಿನ ಬಿಲ್ಲಿನ ಮುಂದೆ ಸಿಸೇರಿಯನ್ ಬಿಲ್ಲು ಸಣ್ಣದು. ಆದ್ದರಿಂದ ಪಾಲಿಸಿ ವರ್ಡಿಂಗ್ (ಪೂರ್ತಿ ಷರತ್ತುಗಳ ಪತ್ರ) ತೆರೆದಾಗ ಹೆರಿಗೆ ಮಿತಿಗಿಂತ ಮೊದಲು 'ನ್ಯೂಬಾರ್ನ್' (ನವಜಾತ ಶಿಶು) ಎಂಬ ಭಾಗ ಓದಿ. ಮೊದಲ ದಿನದಿಂದ ಕವರ್ ಇದೆಯೇ? ಪೂರ್ತಿ ಸಮ್ ಇನ್ಶೂರ್ಡ್ (ಪಾಲಿಸಿಯ ಒಟ್ಟು ವಿಮಾ ಮೊತ್ತ) ಸಿಗುತ್ತದೆಯೋ, ತಾಯಿಯ ಆ 50,000ದಲ್ಲೇ ಕೂಸಿನ ಖರ್ಚೂ ಮುಗಿಯಬೇಕೋ? ಎರಡನೆಯದಾದರೆ ಆ ಪಾಲಿಸಿ ಬಿಡಿ. ಹುಟ್ಟಿನಿಂದಲೇ ಬಂದ ಹೃದಯದ ದೋಷದಂಥವಕ್ಕೆ ಏನು ಷರತ್ತು ಎಂಬುದನ್ನೂ ಅಲ್ಲೇ ಹುಡುಕಿ. ಕಾಯುವ ಅವಧಿ ಹೆರಿಗೆಯ ದಿನಕ್ಕೆ ಮುಗಿದಿದ್ದರೆ ಸಾಕೇ, ಗರ್ಭ ನಿಂತ ದಿನಕ್ಕೇ ಮುಗಿದಿರಬೇಕೇ? ಇದೊಂದರ ಮೇಲೆ ಎಷ್ಟೋ ಕ್ಲೇಮ್ ಬಿದ್ದುಹೋಗುತ್ತವೆ.

ರೈಡರ್ ಇಲ್ಲದವರೂ ತಿಳಿದಿರಬೇಕಾದ್ದು ಒಂದಿದೆ. ಪಾಲಿಸಿಗಳ 18ನೇ ಸಂಖ್ಯೆಯ ಎಕ್ಸ್‌ಕ್ಲೂಷನ್ (ಹೊರಗಿಡುವ ಷರತ್ತು) ಹೆರಿಗೆ, ಸಿಸೇರಿಯನ್, ಗರ್ಭಪಾತಗಳನ್ನು ಹೊರಗಿಡುತ್ತದೆ. ಆದರೆ ಗರ್ಭಕೋಶದ ಹೊರಗೆ ನಿಂತ ಗರ್ಭ, ಅಂದರೆ ಎಕ್ಟೋಪಿಕ್, ಆ ಹೊರಗಿಡುವಿಕೆಗೆ ಸೇರುವುದಿಲ್ಲ. ಅಪಘಾತದಿಂದಾದ ಗರ್ಭಪಾತವೂ ಸೇರುವುದಿಲ್ಲ. ಆಸ್ಪತ್ರೆಯ ಡೆಸ್ಕಿನಲ್ಲಿ 'ಹೆರಿಗೆ ವಿಷಯಕ್ಕೆಲ್ಲ ಬರಲ್ಲ' ಎಂದರೆ ಆ ಷರತ್ತನ್ನೇ ತೋರಿಸಿ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ದಾವಣಗೆರೆಯ ಸೊಸೆ ಏಳನೇ ತಿಂಗಳಿಗೆ ಚಳ್ಳಕೆರೆಗೋ ಹಿರಿಯೂರಿಗೋ ಹೊರಟರೆ, ದಾವಣಗೆರೆ ಪಿ.ಜೆ. ಬಡಾವಣೆಯ ಆಸ್ಪತ್ರೆ ವಿಮಾ ಕಂಪನಿಯ ನೆಟ್‌ವರ್ಕಿನಲ್ಲಿದೆ ಎಂಬ ಸಮಾಧಾನ ಉಪಯೋಗಕ್ಕೆ ಬರದು. ತವರಿನ ಊರಿನಲ್ಲಿ ಯಾವ ಆಸ್ಪತ್ರೆ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ ಸೌಲಭ್ಯ) ಕೊಡುತ್ತದೆ, ಅಲ್ಲಿ ಎನ್‌ಐಸಿಯು ಇದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ನಿಮ್ಮ ಊರು ಯಾವ ವಲಯದ್ದು ಎಂಬ ಲೆಕ್ಕದಲ್ಲಿ ಪ್ರೀಮಿಯಂ ಕಡಿಮೆ ಮಾಡಿದ ಕೆಲವು ಪಾಲಿಸಿಗಳು, ಕೂಸನ್ನು ಬೆಂಗಳೂರಿಗೆ ಸಾಗಿಸಿದರೆ ಬಿಲ್ಲಿನ ಒಂದಷ್ಟು ಪಾಲನ್ನು ನಿಮ್ಮ ತಲೆಗೇ ಕಟ್ಟುತ್ತವೆ.

ರೂಮ್ ಬಾಡಿಗೆಯದು ಮತ್ತೊಂದು ಗುಂಡಿ. ದಿನಕ್ಕೆ 3,000 ಮಿತಿಯಿದ್ದು 6,000ದ ರೂಮ್ ಹಿಡಿದರೆ, ಹೆಚ್ಚಿನ 3,000 ನಮ್ಮದು ಎಂದುಕೊಳ್ಳುತ್ತಾರೆ. ಅಲ್ಲ. ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅರ್ಧ ಕಡಿತವಾಗಬಹುದು. ಔಷಧಿ, ಲ್ಯಾಬ್ ಪರೀಕ್ಷೆಗಳಿಗೆ ಮಾತ್ರ ಈ ಕಡಿತ ಹಾಕುವಂತಿಲ್ಲ.

ದಿನ ನಿಗದಿಯಾದ ಸಿಸೇರಿಯನ್‌ಗೆ ಎರಡು ಮೂರು ದಿನ ಮೊದಲೇ ಪ್ರೀ-ಆಥ್ (ಕ್ಯಾಶ್‌ಲೆಸ್‌ಗೆ ಮುಂಚಿತ ಒಪ್ಪಿಗೆ ಕೇಳುವ ಮನವಿ) ಕಳಿಸಿ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಮನವಿಗೆ 1 ಗಂಟೆಯೊಳಗೆ ಉತ್ತರ ಬರಬೇಕು, ಡಿಸ್ಚಾರ್ಜ್ ಬಿಲ್ಲಿಗೆ 3 ಗಂಟೆಯೊಳಗೆ. ಕೂಸು ಹುಟ್ಟಿದ ಕೂಡಲೇ ಅದನ್ನು ಪಾಲಿಸಿಗೆ ಸೇರಿಸಲು ಕಂಪನಿಗೆ ಇಮೇಲ್ ಮಾಡಿ. ತೊಟ್ಟಿಲ ಶಾಸ್ತ್ರ ಆಗಲಿ, ಹೆಸರಿಟ್ಟ ಮೇಲೆ ಜನನ ಪತ್ರ ಮಾಡಿಸೋಣ ಎಂದು ಕೂರಬೇಡಿ. 21 ದಿನದೊಳಗೆ ಹೆಸರಿಲ್ಲದೆಯೇ ನೋಂದಣಿಯಾಗುತ್ತದೆ, ಹೆಸರು ಆಮೇಲೆ ಸೇರಿಸಬಹುದು. ಪಾಲಿಸಿಯಲ್ಲಿ, ಆಧಾರ್‌ನಲ್ಲಿ, ಆಸ್ಪತ್ರೆಯ ಫೈಲಿನಲ್ಲಿ ತಾಯಿಯ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ತಂದೆಯ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೆ ಫೈಲು ತಿಂಗಳುಗಟ್ಟಲೆ ಅಲೆಯುತ್ತದೆ.

ಆಗಲೇ ಬಸುರಿಯಾದವರು ಮೊದಲು ಗಂಡ ಅಥವಾ ಹೆಂಡತಿಯ ಕೆಲಸದ ಗ್ರೂಪ್ ಪಾಲಿಸಿ ನೋಡಿ. ಅದರಲ್ಲಿ ಸಾಮಾನ್ಯವಾಗಿ ಕಾಯುವ ಅವಧಿ ಇರುವುದಿಲ್ಲ. ತಿಂಗಳಿಗೆ 21,000ದೊಳಗಿನ ಸಂಬಳಕ್ಕೆ ಇಎಸ್ಐ (ಸರ್ಕಾರದ ಕಾರ್ಮಿಕರ ವಿಮೆ) ಕಡಿತವಾಗುತ್ತಿದ್ದರೆ ಅದು ಬಿಡಿ ಪಾಲಿಸಿಗಿಂತ ಎಷ್ಟೋ ಮೇಲು: ದುಡಿಯುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ವೇತನವೂ ಉಂಟು, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನದ ವಂತಿಗೆ ಬಿದ್ದಿರಬೇಕು ಅಷ್ಟೆ. ಚಿಗಟೇರಿ ಜಿಲ್ಲಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಯೋಜನೆಯಡಿ ಹೆರಿಗೆ, ಸಿಸೇರಿಯನ್, ಔಷಧಿ ಉಚಿತ. ತಾಯಿ ಕಾರ್ಡ್ ಮರೆಯಬೇಡಿ.

ಮಂಡಿಪೇಟೆಯ ಸಾಲ-ಸೋಲದ ವ್ಯಾಪಾರಸ್ಥರಿಗೆ ಒಂದು ಕಿವಿಮಾತು: ಕೂಸಿನ ಹೆಸರಿನ 'ಚೈಲ್ಡ್ ಪ್ಲಾನ್'ಗಿಂತ ತಂದೆಯ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ಜೀವವಿಮೆ) ಮೊದಲು ಆಗಲಿ. ಅದನ್ನು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಹಣ ಹೆಂಡತಿ ಮಕ್ಕಳದು, ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಅರ್ಜಿ ತುಂಬುವಾಗಲೇ ಹೇಳಬೇಕು.

2025ರ ಸೆಪ್ಟೆಂಬರ್ 22ರಿಂದ ಬಿಡಿ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಕೊಟೇಶನ್‌ನಲ್ಲಿ ಇನ್ನೂ ಶೇ. 18 ಕಂಡರೆ ಪ್ರಶ್ನಿಸಿ. ಪಾಲಿಸಿ ಕೈಸೇರಿದ ಮೇಲೆ ಬೇಡವೆನಿಸಿದರೆ ಹಿಂತಿರುಗಿಸಲು 30 ದಿನ ಇರುತ್ತದೆ. ನ್ಯೂಬಾರ್ನ್ ಭಾಗ ಓದಲು ಅದರಲ್ಲಿ ಅರ್ಧ ಗಂಟೆ ಸಾಕು.