ಮನೆಯಲ್ಲೇ ಮಾಡುವ ಡಿಎನ್‌ಎ ಟೆಸ್ಟ್: ಕಿಟ್ ಚೆನ್ನಾಗಿದೆ, ರಿಪೋರ್ಟ್ ನಂಬಿ ಕೂರಬೇಡಿ

ಅಮ್ಮನಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಬಂದ ಮೇಲೆ, ನನಗೂ ಬರುತ್ತಾ ಅನ್ನುವ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಈ ಕಿಟ್ ತರಿಸಿದೆ.

ಕಿಟ್ ಬಗ್ಗೆ ದೂರೇನಿಲ್ಲ. ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಆಮೇಲೆ ಟ್ಯೂಬಿನ ಗೆರೆ ಮುಟ್ಟುವವರೆಗೆ ಉಗುಳು ತುಂಬಿಸಬೇಕು, ನೊರೆ ಲೆಕ್ಕಕ್ಕಿಲ್ಲ, ಹಾಗಾಗಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮುಚ್ಚಳ ಒತ್ತಿದರೆ ಅದರೊಳಗಿನ ದ್ರವ ಕೆಳಗಿಳಿಯುತ್ತದೆ. ಲ್ಯಾಬ್ ತಲುಪುವವರೆಗೆ ಡಿಎನ್‌ಎ ಕೆಡದಂತೆ ನೋಡಿಕೊಳ್ಳುವುದು ಅದೇ.

ರಿಪೋರ್ಟ್ ಬಂತು. ಹಸಿರು ಟಿಕ್, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಬಿಆರ್‌ಸಿಎ: ದೋಷ ಕಂಡುಬಂದಿಲ್ಲ’. ಬಿಆರ್‌ಸಿಎ ಅಂದರೆ, ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಎರಡು ಜೀನ್‌ಗಳು. ಕಣ್ಣಲ್ಲಿ ನೀರು ಬಂತು, ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಕೊನೆಯ ಪುಟದ ಸಣ್ಣ ಅಕ್ಷರ ಓದಿದ್ದು ಎರಡು ದಿನ ಬಿಟ್ಟು. ಈ ಜೀನ್‌ಗಳಲ್ಲಿ ಅವರು ನೋಡಿದ್ದು ಬರೀ 3 ಜಾಗ! ಅದೂ ಹೆಚ್ಚಾಗಿ ಅಶ್ಕೆನಾಜಿ (ಯುರೋಪ್ ಮೂಲದ) ಯಹೂದಿ ಮನೆತನಗಳಲ್ಲಿ ಸಿಗುವ ಬದಲಾವಣೆಗಳು. ಬಿಆರ್‌ಸಿಎ1, ಬಿಆರ್‌ಸಿಎ2 ಎರಡೂ ಜೀನ್ ಸೇರಿಸಿದರೆ, ರೋಗ ತರಬಲ್ಲ ಬದಲಾವಣೆಗಳು ಸಾವಿರಗಟ್ಟಲೆ ಗೊತ್ತಾಗಿವೆ. ಮೂರು ಬಾಗಿಲ ಚಿಲಕ ನೋಡಿ ಇಡೀ ಊರೇ ಭದ್ರ ಅಂದ ಹಾಗಾಯ್ತು ಅಲ್ವಾ?

ಗಾಬರಿಯಿಂದ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದು ನಮ್ಮ ವಂಶದ ಚಿತ್ರ ಬರೆದಿದ್ದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರ ವೃತ್ತಕ್ಕೆ ಕಪ್ಪು ತುಂಬಿದರು. ಅಮ್ಮ, ಚಿಕ್ಕಮ್ಮ, ಅಕ್ಕಪಕ್ಕ ಎರಡು ಕಪ್ಪು ವೃತ್ತ. ಆಮೇಲೆ ನಿಧಾನವಾಗಿ ವಿವರಿಸಿದರು. ಜೀವಕೋಶದೊಳಗೆ ಡಿಎನ್‌ಎ ಎಳೆ ತುಂಡಾಗುತ್ತಲೇ ಇರುತ್ತದೆ, ಅದನ್ನು ಸರಿಯಾಗಿ ಜೋಡಿಸುವ ಪ್ರೋಟೀನ್‌ಗಳು ತಯಾರಾಗುವುದು ಈ ಜೀನ್‌ಗಳಿಂದ. ಪ್ರತಿ ಜೀನಿಗೂ ಎರಡು ಪ್ರತಿ, ಅಮ್ಮನದೊಂದು, ಅಪ್ಪನದೊಂದು. ಒಂದು ಹುಟ್ಟುವಾಗಲೇ ಕೆಟ್ಟಿದ್ದು, ಮುಂದೆ ಯಾವುದೋ ಒಂದು ಕೋಶದಲ್ಲಿ ಇನ್ನೊಂದೂ ಕೆಟ್ಟರೆ ರಿಪೇರಿ ಸರಿಯಾಗಿ ಆಗುವುದಿಲ್ಲ, ತಪ್ಪಿನ ಮೇಲೆ ತಪ್ಪು ಸೇರುತ್ತಾ ಹೋಗಿ ಕೋಶ ಹಿಡಿತ ತಪ್ಪಿ ಬೆಳೆಯಬಹುದು. ಕೆಟ್ಟ ಪ್ರತಿ ಅಪ್ಪನ ಕಡೆಯಿಂದಲೂ ಬರಬಹುದು, ಇದನ್ನು ಬಹಳ ಜನ ಮರೆಯುತ್ತಾರೆ.

ಹಾಗಂತ ಒಂದೇ ಜಾಗ ನೋಡುವ ಟೆಸ್ಟ್ ಎಲ್ಲಾ ಕಡೆ ತಪ್ಪಲ್ಲ. ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆ) ತರುವ ಹಿಮೋಗ್ಲೋಬಿನ್‌ನಲ್ಲಿ ಯಾವಾಗಲೂ ಜೀನಿನ ಅದೇ ಒಂದು ಅಕ್ಷರ ಬದಲಾಗಿರುತ್ತದೆ. ಅದನ್ನು ಹುಡುಕಲು ಆ ಜಾಗ ನೋಡಿದರೆ ಸಾಕು. ಬಿಆರ್‌ಸಿಎ ಹಾಗಲ್ಲ, ಪೂರ್ತಿ ಓದಬೇಕು.

ಮೊದಲು ಕಾಯಿಲೆ ಬಂದವರನ್ನೇ ಟೆಸ್ಟ್ ಮಾಡಿಸಿ, ಅವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದನ್ನೇ ಹುಡುಕುವುದು ಸುಲಭ ಅಂದರು. ಅಮ್ಮನಲ್ಲಿ ದೋಷ ಇದ್ದರೆ ಅದು ನನಗೆ ಬಂದಿರುವ ಸಾಧ್ಯತೆ 50%. ಅಮ್ಮ ರಕ್ತ ಕೊಟ್ಟು ಬಂದಿದ್ದಾರೆ, ಕಾಯುತ್ತಿದ್ದೇವೆ.

ಕೌನ್ಸೆಲರ್‌ಗೆ ಐದಕ್ಕೆ ಐದು. ಕಿಟ್‌ಗೆ ಎರಡು. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿದ್ದರೆ ಇದನ್ನು ಕೊಳ್ಳಬೇಡಿ, ನೇರವಾಗಿ ಕೌನ್ಸೆಲರ್ ನೋಡಿ. ಕಂಪನಿಯವರು ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ: ‘3 ಜಾಗ ಮಾತ್ರ ನೋಡಿದ್ದೇವೆ’ ಅನ್ನೋದನ್ನು ಆ ಹಸಿರು ಟಿಕ್ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.