ಹಳೇ ಲ್ಯಾಪ್‌ಟಾಪ್‌ಗೆ ಕಮ್ಮಿ ರೇಟಿನ ಎಸ್‌ಎಸ್‌ಡಿ: ಎರಡು ಸಲ ದುಡ್ಡು ಕೊಟ್ಟವನ ಅನುಭವ

ನಂದು 2016ರ ಲ್ಯಾಪ್‌ಟಾಪು, ಆರನೇ ಜನರೇಷನ್ ಐ3, ಒಳಗೆ 1 ಟಿಬಿ ಹಾರ್ಡ್‌ಡಿಸ್ಕು. ಮಂಡ್ಯದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡ್ಕೊಡೋದು ನನ್ನ ಸೈಡ್ ಕೆಲಸ. ಬೆಳಗ್ಗೆ ಪವರ್ ಬಟನ್ ಒತ್ತಿ, ಹಾಲು ತರೋಕೆ ಹೋಗಿ ಬಂದು, ಕಾಫಿ ಕುಡಿದು ಲೋಟ ತೊಳೆದಿಟ್ರೂ ಅದು ಸುತ್ತುತ್ತಾನೇ ಇರೋದು, ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಡಿಸ್ಕ್ 100%. ಗೊತ್ತಿರೋರೆಲ್ಲ ಹೇಳಿದ್ದು ಒಂದೇ, ಎಸ್‌ಎಸ್‌ಡಿ ಹಾಕ್ಸು ಗುರು. (ಹಾರ್ಡ್‌ಡಿಸ್ಕಲ್ಲಿ ಡೇಟಾ ತಿರುಗೋ ತಟ್ಟೆ ಮೇಲಿರುತ್ತೆ, ಎಸ್‌ಎಸ್‌ಡೀಲಿ ಚಿಪ್ಪಲ್ಲಿ, ಅದಕ್ಕೇ ಸ್ಪೀಡು.)

ಮೊದಲ್ನೇ ಸಲ ಟೋಪಿ ಹಾಕಿಸ್ಕೊಂಡೆ. ಮೈಸೂರಿಗೆ ಬೇರೆ ಏನಕ್ಕೋ ಹೋಗಿದ್ದವನು ಅಲ್ಲೊಂದು ಅಂಗಡೀಲಿ ಕೇಳ್ದೆ, ಕೌಂಟರ್‌ನಲ್ಲಿದ್ದವರು ಯಾವತ್ತೂ ಹೆಸರು ಕೇಳಿಲ್ಲದ ಕಂಪನೀದು 512 ಜಿಬಿ ತೆಗೆದಿಟ್ಟು "ಎಲ್ಲಾದ್ರಲ್ಲೂ ಅದೇ ಚಿಪ್ಪು ಸಾರ್, ಬರೀ ಹೆಸರಿಗೆ ಯಾಕೆ ದುಡ್ಡು ಕೊಡ್ತೀರಾ" ಅಂದ್ರು. ಆರುನೂರು ರೂಪಾಯಿ ಉಳೀತು ಅಂತ ಖುಷಿಯಾಗಿ ಬಂದೆ. ಮನೇಲಿ ಅಪ್ಪ ಕೈಯಲ್ಲಿ ಹಿಡ್ಕೊಂಡು "ಏನ್ಲಾ ಇದು, ತೂಕನೇ ಇಲ್ಲ, ಒಳಗೇನಾರ ಐತೋ ಇಲ್ವೋ" ಅಂದ್ರು, ನಾನು ನಕ್ಕೆ. (ಒಳ್ಳೇ ಕಂಪನೀದ್ರಲ್ಲೂ ಡಬ್ಬಿ ಬಹುಪಾಲು ಖಾಲೀನೇ ಇರುತ್ತೆ, ಆ ಮಾತು ಬೇರೆ.)

ಶುರೂಲಿ ಏನೋ ಚೆನ್ನಾಗೇ ಓಡ್ತು. ಆಮೇಲೆ ಒಂದಿನ 60 ಜಿಬಿ ಫೋಟೋ ಕಾಪಿಗೆ ಹಾಕಿದ್ರೆ ಮೊದಲು 400 ಎಂಬಿ ಸ್ಪೀಡು, ಸ್ವಲ್ಪ ಹೊತ್ತಿಗೆ ಧಡಾರ್ ಅಂತ 30ಕ್ಕೆ ಬಿತ್ತು. ಯಾಕೆ ಅಂದ್ರೆ, ನಮ್ಮ ಕಡೆಯವರಿಗೆ ಕಬ್ಬಿನ ಲೆಕ್ಕದಲ್ಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ, ಫ್ಯಾಕ್ಟರಿ ಯಾರ್ಡಲ್ಲಿ ಜಾಗ ಇರೋವರೆಗೂ ಲಾರಿಗಳು ಸರಸರ ಒಳಗೆ ಹೋಗ್ತವೆ, ಯಾರ್ಡ್ ತುಂಬಿದ ಮೇಲೆ ಗಾಣ ಎಷ್ಟು ಅರೀತದೋ ಅಷ್ಟೇ ಸ್ಪೀಡು, ಮಿಕ್ಕಿದ್ದು ರೋಡಲ್ಲಿ ಸಾಲು. ಎಸ್‌ಎಸ್‌ಡೀಲಿ ಆ ಯಾರ್ಡಿಗೆ ಎಸ್‌ಎಲ್‌ಸಿ ಕ್ಯಾಶ್ ಅಂತಾರೆ. ಬಾಕ್ಸ್ ಮೇಲೆ ದಪ್ಪಗೆ ಬರೆದಿರೋ ಸ್ಪೀಡು ಯಾರ್ಡ್ ಖಾಲಿ ಇದ್ದಾಗಿಂದು, ತುಂಬಿದ ಮೇಲಿಂದು ಬಾಕ್ಸ್ ಮೇಲೆ ಹಾಕಲ್ಲ. ಚಿಪ್ಪೊಳಗೆ ಡೇಟಾ ಇಡೋ ಪುಟ್ಟ ಗೂಡಿಗೆ ಸೆಲ್ ಅಂತಾರೆ, ಒಂದು ಸೆಲ್‌ಗೆ 3 ಬಿಟ್ ತುಂಬೋ ಟಿಎಲ್‌ಸಿಗಿಂತ 4 ಬಿಟ್ ತುರುಕೋ ಕ್ಯೂಎಲ್‌ಸೀಲಿ ಗಾಣ ಇನ್ನೂ ನಿಧಾನ.

ನಿಧಾನ ಆದ್ರೆ ಸಹಿಸ್ಕೋಬಹುದಿತ್ತು, ಐದನೇ ತಿಂಗಳಿಗೆ ಬಯೋಸ್‌ನಲ್ಲೂ (ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ಸ್) ಕಾಣಿಸದಂಗೆ ಸತ್ತೇ ಹೋಯ್ತು. ಹಾರ್ಡ್‌ಡಿಸ್ಕ್ ಆದ್ರೆ ಟಕಟಕ ಅಂತ ಸದ್ದಾದ್ರೂ ಮಾಡಿ ಎಷ್ಟೋ ಸಲ ಸೂಚನೆ ಕೊಡುತ್ತೆ, ಇದು ರಾತ್ರಿ ಮಲಗಿದ್ದು ಬೆಳಗ್ಗೆ ಎದ್ದೇ ಇಲ್ಲ. ಅಂಗಡಿಗೆ ಹೋದ್ರೆ ವಾರಂಟಿ ಕಂಪನಿಯೋರು ನೋಡ್ಕೋಬೇಕು ಅಂದ್ರು, ಬಾಕ್ಸ್ ಮೇಲೆ ಆ ಕಂಪನೀದು ಒಂದು ಫೋನ್ ನಂಬರ್ರೂ ಇಲ್ಲ. ಫೋಟೋಗ್ರಾಫರ್ ಹತ್ರ ಇನ್ನೊಂದು ಕಾಪಿ ಇತ್ತು ಅಂತ ಮಾನ ಉಳೀತು, ಇಲ್ದಿದ್ರೆ ಮದುವೆ ಮನೆಯವರಿಗೆ ಏನಂತ ಹೇಳ್ತಿದ್ದೆ.

ಎರಡನೇದು ತಗೊಂಡಿದ್ದು ಕ್ರೂಷಿಯಲ್ ಬಿಎಕ್ಸ್500, 480 ಜಿಬಿ, ಇದು ಒಂದು ವರ್ಷದ ಮೇಲಾಯ್ತು. ಇದೇನು ಮಹಾ ಎಸ್‌ಎಸ್‌ಡಿ ಅಲ್ಲ ಕಣ್ರೀ. ಇದ್ರಲ್ಲಿ ಡಿರ್‍ಯಾಮ್ ಇಲ್ಲ, ಅಂದ್ರೆ ಯಾವ ಫೈಲು ಯಾವ ಮೂಲೇಲಿದೆ ಅನ್ನೋ ಲೆಕ್ಕದ ಪುಸ್ತಕ ಇಟ್ಕೊಳ್ಳೋಕೆ ಬೇರೆ ಜಾಗ ಇಲ್ಲ, ದೊಡ್ಡ ಕಾಪಿ ಹಾಕಿದ್ರೆ ಇದೂ ಸುಸ್ತಾಗುತ್ತೆ. ಆದ್ರೆ ನನ್ನ ಮಷೀನಲ್ಲಿ ಡಿಸ್ಕ್ ಸಿಕ್ಕಿಸೋ ಕನೆಕ್ಷನ್ ಹಳೇ ಥರದ್ದು, ಸಾಟಾ ಅಂತ, ಸಾಟಾದಲ್ಲಿ ಏನು ಹಾಕಿದ್ರೂ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತೆ, ಅದಕ್ಕಿಂತ ಜಾಸ್ತಿ ದುಡ್ಡು ಸುರಿಯೋಕೆ ನಂಗೆ ಮನಸ್ಸು ಬರಲಿಲ್ಲ. 3 ವರ್ಷ ವಾರಂಟಿ, ಇಲ್ಲ ಒಟ್ಟು 120 ಟಿಬಿ ಡೇಟಾ ಬರೆಯೋವರೆಗೆ, ಯಾವುದು ಮೊದಲೋ ಅದು. ದಿನಕ್ಕೆ 20 ಜಿಬಿ ಬರೆದ್ರೂ ಆ 120 ಟಿಬಿ ಮುಗಿಯೋಕೆ 16 ವರ್ಷ ಬೇಕು, ಅಷ್ಟರಲ್ಲಿ ಲ್ಯಾಪ್‌ಟಾಪೇ ಇರಲ್ಲ. ಕಿಂಗ್‌ಸ್ಟನ್ ಎ400 ಕೂಡ ಇದೇ ಜಾತಿ, ಆ ಸೈಜಿಗೆ 160 ಟಿಬಿ ಅಂತ ಬರೆದಿದ್ದಾರೆ, ಎರಡರಲ್ಲಿ ಯಾವುದು ಕಮ್ಮಿಗೆ ಸಿಗುತ್ತೋ ಅದನ್ನ ತಗೊಳ್ಳಿ. ದಿನಾ ವಿಡಿಯೋ ಎಡಿಟಿಂಗ್ ಮಾಡೋರಾದ್ರೆ ಮಾತ್ರ ಡಿರ್‍ಯಾಮ್ ಇರೋ, 5 ವರ್ಷ ವಾರಂಟಿದು ನೋಡಿ, ಸ್ಯಾಮ್‌ಸಂಗ್ 870 ಇವೋ ಥರದ್ದು.

240 ಜಿಬಿ ಬೇಡ. ವಿಂಡೋಸಲ್ಲಿ 223 ಅಂತ ತೋರ್ಸುತ್ತೆ, ಫೋಟೋಶಾಪ್ ಹಾಕೋ ಹೊತ್ತಿಗೆ ಉಸಿರುಕಟ್ಟುತ್ತೆ, ತುಂಬಿದಷ್ಟೂ ಎಸ್‌ಎಸ್‌ಡಿ ನಿಧಾನಾನೂ ಆಗುತ್ತೆ.

ಇನ್ನೊಂದು ವಿಷ್ಯ, ನಮ್ಮ ಹುಡುಗ ಒಬ್ಬ ಚೂಯಿಂಗ್ ಗಮ್ ಪಟ್ಟಿ ಥರ ಇರುತ್ತಲ್ಲ ಎಂ.2 ಎಸ್‌ಎಸ್‌ಡಿ, ಅದನ್ನ ಆನ್‌ಲೈನಲ್ಲಿ ತರಿಸ್ಕೊಂಡ. ಅದ್ರಲ್ಲೂ ಸಾಟಾ ಬೇರೆ, ಅದಕ್ಕಿಂತ ಹೊಸದಾದ ಸ್ಪೀಡಿನ ಎನ್‌ವಿಎಂಇ ಬೇರೆ, ಅಳತೆ ಎರಡಕ್ಕೂ ಅದೇ 22 ಎಂಎಂ ಅಗಲ 80 ಎಂಎಂ ಉದ್ದ. ಇವನ ಸ್ಲಾಟು ಸಾಟಾದು, ಬಂದಿದ್ದು ಎನ್‌ವಿಎಂಇ, ವಾಪಸ್ ಕಳಿಸೋ ಹೊತ್ತಿಗೆ ಸಾಕುಬೇಕಾಯ್ತು. ತಳದ ಸ್ಕ್ರೂ ಬಿಚ್ಚಿ ನೋಡದೆ, ಇಲ್ಲ ಮಾಡೆಲ್ ನಂಬರ್ ಹಾಕಿ ಹುಡುಕದೆ ಆರ್ಡರ್ ಮಾಡ್ಬೇಡಿ.

ಈಗ ನನ್ನ ಲ್ಯಾಪ್‌ಟಾಪ್ ಇಪ್ಪತ್ತು ಸೆಕೆಂಡಿಗೆ ಆನ್ ಆಗುತ್ತೆ. ರ್‍ಯಾಮ್ 4 ಜಿಬಿ ಇದ್ದಿದ್ದನ್ನ 8 ಮಾಡಿಸ್ಕೊಂಡೆ, ಅದಿಲ್ದೆ ಬರೀ ಎಸ್‌ಎಸ್‌ಡಿ ಹಾಕಿದ್ರೆ ಅರ್ಧ ಸುಖ ಅಷ್ಟೇ. ವಿಂಡೋಸ್ 10 ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಆರನೇ ಜನರೇಷನ್ ಪ್ರೊಸೆಸರ್‌ಗೆ ವಿಂಡೋಸ್ 11 ಕೊಡಲ್ಲ ಅಂತಾರೆ, ಅದು ಇನ್ನೊಂದು ತಲೆನೋವು, ಲಿನಕ್ಸ್ ಹಾಕೋಣ ಅಂತಿದೀನಿ. ಹಳೇ ಹಾರ್ಡ್‌ಡಿಸ್ಕ್ ಎಸೀಲಿಲ್ಲ, ಯುಎಸ್‌ಬಿ ಕೇಸ್‌ಗೆ ಹಾಕಿ ಬೀರುವಲ್ಲಿ ಇಟ್ಟಿದೀನಿ, ಮುಗಿದ ಆಲ್ಬಂಗಳೆಲ್ಲ ಅದ್ರಲ್ಲೇ. ಎಸ್‌ಎಸ್‌ಡೀನ ಕರೆಂಟ್ ಕೊಡದೆ ವರ್ಷಗಟ್ಲೆ ಮೂಲೇಲಿಟ್ರೆ ಒಳಗಿನ ಡೇಟಾ ಸೋರಿ ಹೋಗೋ ಸಾಧ್ಯತೆ ಇರುತ್ತೆ, ಹಂಗಾಗಿ ಬೀರುವಿನ ಕೆಲಸಕ್ಕೆ ಆ ಟಕಟಕ ಮುದುಕನೇ ಸರಿ.